ನಲವತ್ತೈದು ನಡೆ, ಕದಲದ ಮೂರು ಪಾನ್: ಕ್ಯಾಸ್ಪರೊವ್ ಮತ್ತು ಫ್ರಿಟ್ಜ್, ನ್ಯೂಯಾರ್ಕ್ 2003

ಕಂಪ್ಯೂಟರ್ ಜೊತೆ ಚೆಸ್ ಆಡಿ ಗೆಲ್ಲೋದು ಹೇಗೆ ಅಂತ ಯಾರನ್ನೇ ಕೇಳಿ, ಹಳೆಯ ಆಟಗಾರರು ಥಟ್ಟನೆ ಹೇಳೋದು ಒಂದೇ ಮಾತು: "ಬೋರ್ಡು ಮುಚ್ಚಿಬಿಡು. ಪಾನ್‌ಗಳನ್ನು (ಕಾಲಾಳುಗಳನ್ನು) ಎದುರುಬದುರು ನಿಲ್ಲಿಸು. ಅದಕ್ಕೆ ಲೆಕ್ಕ ಹಾಕೋಕೆ ಏನೂ ಸಿಗಬಾರದು." ಈ ಸಲಹೆಗೆ ಎಲ್ಲರೂ ತೋರಿಸುವ ಉದಾಹರಣೆ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೊವ್ ಅವರು 2003ರ ನವೆಂಬರ್ 16ರಂದು ನ್ಯೂಯಾರ್ಕಿನಲ್ಲಿ ಎಕ್ಸ್3ಡಿ ಫ್ರಿಟ್ಜ್ ಎಂಬ ಚೆಸ್ ಪ್ರೋಗ್ರಾಂ ವಿರುದ್ಧ ಗೆದ್ದ ಆಟ.

ಸಲಹೆ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಆ ಆಟವನ್ನು ಒಂದೊಂದೇ ನಡೆಯಾಗಿ ಬೋರ್ಡಿನ ಮೇಲೆ ಇಟ್ಟು ನೋಡಿದರೆ ಇನ್ನರ್ಧ ಕಾಣುತ್ತದೆ. ಮುಚ್ಚಿದ್ದರಿಂದ ಕ್ಯಾಸ್ಪರೊವ್ ಗೆಲ್ಲಲಿಲ್ಲ. ಮುಚ್ಚಿದ ಮೇಲೆ ಏನು ಮಾಡಬೇಕು ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು, ಯಂತ್ರಕ್ಕೆ ಗೊತ್ತಿರಲಿಲ್ಲ. ಈ ವ್ಯತ್ಯಾಸ ಹಿಡಿಯದೆ ಬರೀ ಬೋರ್ಡು ಮುಚ್ಚಲು ಹೋದವರು ನಿಧಾನವಾಗಿ ಸೋಲುತ್ತಾರೆ, ಅಷ್ಟೇ.

ಪಂದ್ಯದ ಹಿನ್ನೆಲೆ

1996ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ಯಾಸ್ಪರೊವ್ ಐಬಿಎಂನ ಡೀಪ್ ಬ್ಲೂ ಯಂತ್ರವನ್ನು 4-2ರಿಂದ ಸೋಲಿಸಿದ್ದರು. 1997ರ ಮೇ ತಿಂಗಳಲ್ಲಿ ಅದೇ ಯಂತ್ರದ ಹೊಸ ರೂಪ ಅವರನ್ನು 3.5-2.5ರಿಂದ ಸೋಲಿಸಿತು. ಆಮೇಲೆ ಐಬಿಎಂ ಆ ಯಂತ್ರವನ್ನು ಮತ್ತೆ ಆಟಕ್ಕೆ ತರಲಿಲ್ಲ. ಹಾಗಾಗಿ ಪ್ರಶ್ನೆ ಹಾಗೇ ಉಳಿಯಿತು: ಅದು ಒಂದು ಪಂದ್ಯದ ಸೋಲೋ, ಮನುಷ್ಯರ ಕಾಲವೇ ಮುಗಿಯಿತೋ? ಮುಂದಿನ ಕೆಲವು ವರ್ಷ ಇದಕ್ಕೆ ಉತ್ತರ ಹುಡುಕುವುದರಲ್ಲೇ ಹೋಯಿತು. 2002ರ ಅಕ್ಟೋಬರಿನಲ್ಲಿ ಬಹ್ರೇನಿನಲ್ಲಿ ರಷ್ಯಾದ ಆಟಗಾರ ವ್ಲಾದಿಮಿರ್ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ ಪ್ರೋಗ್ರಾಂ 4-4 ಸಮ. 2003ರ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಸ್ಪರೊವ್ ಮತ್ತು ಡೀಪ್ ಜೂನಿಯರ್ ಎಂಬ ಇನ್ನೊಂದು ಪ್ರೋಗ್ರಾಂ 3-3 ಸಮ. ಅದೇ ವರ್ಷದ ಕೊನೆಯಲ್ಲಿ ಬಂದದ್ದು ಈ ಪಂದ್ಯ.

ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್‌ನಲ್ಲಿ ನವೆಂಬರ್ 11ರಿಂದ 18ರವರೆಗೆ ನಾಲ್ಕು ಆಟ. ಕ್ಯಾಸ್ಪರೊವ್ ಮುಂದೆ ಮರದ ಬೋರ್ಡು ಇರಲಿಲ್ಲ. ವಿಶೇಷ ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ತೇಲಿದಂತೆ ಕಾಣುವ ಬೋರ್ಡು ನೋಡುತ್ತಾ, ನಡೆಗಳನ್ನು ಬಾಯಲ್ಲಿ ಹೇಳಬೇಕಿತ್ತು. ಅಮೆರಿಕದ ಕ್ರೀಡಾ ಚಾನೆಲ್ ಒಂದು ಇದನ್ನು ನೇರಪ್ರಸಾರ ಮಾಡಿತು. ಫ್ರಿಟ್ಜ್ ಓಡುತ್ತಿದ್ದದ್ದು ನಾಲ್ಕು ಪ್ರೊಸೆಸರ್‌ಗಳ ಯಂತ್ರದ ಮೇಲೆ. ಡೀಪ್ ಬ್ಲೂ ಹಾಗೆ ಇದಕ್ಕಾಗಿಯೇ ಕಟ್ಟಿದ ದೈತ್ಯವಲ್ಲ. ಆದರೂ ಸೆಕೆಂಡಿಗೆ ಹತ್ತಾರು ಲಕ್ಷ ಸ್ಥಾನಗಳನ್ನು ಲೆಕ್ಕ ಹಾಕುತ್ತಿತ್ತು.

(ಬೋರ್ಡಿನ ಉದ್ದ ಸಾಲುಗಳಿಗೆ ಬಿಳಿಯ ಎಡದಿಂದ ಎ, ಬಿ, ಸಿ ಅಂತ ಎಚ್‌ವರೆಗೆ ಹೆಸರು; ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಡಿ5 ಅಂದರೆ ಡಿ ಸಾಲಿನ ಐದನೇ ಮನೆ.) ಮೊದಲ ಆಟದಲ್ಲಿ ಬಿಳಿ ಹಿಡಿದ ಕ್ಯಾಸ್ಪರೊವ್ ಏಳನೇ ನಡೆಯಲ್ಲೇ ಜಿ ಪಾನ್ ಅನ್ನು ಎರಡು ಮನೆ ಮುಂದೆ ನೂಕಿ ಜಗಳಕ್ಕೆ ಇಳಿದರು. ಯಂತ್ರ ತಡೆದುಕೊಂಡಿತು, ಡ್ರಾ. ಎರಡನೇ ಆಟದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಮೂರನೆಯದು ಅರ್ಥವಾಗೋದು ಅದರಿಂದಲೇ.

ಅರ್ಧ ಮುಚ್ಚಿದ ಬೋರ್ಡು

ಎರಡನೇ ಆಟದಲ್ಲಿ ಕ್ಯಾಸ್ಪರೊವ್ ಕಪ್ಪು. ಹತ್ತನೇ ನಡೆಯಲ್ಲಿ ಫ್ರಿಟ್ಜ್ ತನ್ನ ಪಾನ್ ಅನ್ನು ಡಿ5ಕ್ಕೆ ತಳ್ಳಿತು, ನಡುಭಾಗ ಮುಚ್ಚಿಕೊಂಡಿತು. ಅಂದರೆ ಎಲ್ಲರೂ ಹೇಳುವ "ಯಂತ್ರಕ್ಕೆ ಇಷ್ಟವಾಗದ" ಬೋರ್ಡು ತಾನಾಗಿಯೇ ಸಿಕ್ಕಿತು. ಹದಿನಾಲ್ಕನೇ ನಡೆಯಲ್ಲಿ ಕ್ಯಾಸ್ಪರೊವ್ ಎಫ್ ಪಾನ್ ಅನ್ನು ಎಫ್5ಕ್ಕೆ ತಂದರು. ಇಂಥ ಬೋರ್ಡಿನಲ್ಲಿ ಕಪ್ಪಿನ ಸಹಜವಾದ ದಾರಿ ಅದೇ. ಆಮೇಲೆ ಜಿ ಪಾನ್, ಎಚ್ ಪಾನ್ ಕೂಡ ಮುಂದೆ ಹೋದವು. ನೋಡೋಕೆ ದಾಳಿ ಚೆನ್ನಾಗಿತ್ತು. ಆದರೆ ಕಪ್ಪು ರಾಜನ ಮುಂದಿನ ಪಾನ್‌ಗಳೆಲ್ಲ ಜಾಗ ಬಿಟ್ಟಿದ್ದವು, ಸಾಲುಗಳು ತೆರೆದಿದ್ದವು.

32ನೇ ನಡೆಯಲ್ಲಿ ಯಂತ್ರ ರಾಣಿಯನ್ನು ಬಿ4ಕ್ಕೆ ಇಟ್ಟಿತು. ಅಲ್ಲಿಂದ ಓರೆಯಾಗಿ ನೋಡಿದರೆ ಡಿ6ರಲ್ಲಿ ಕಪ್ಪು ಪಾನ್, ಅದರ ಹಿಂದೆ ಎಫ್8ರಲ್ಲಿ ಕಪ್ಪು ಆನೆ (ರೂಕ್). ಆ ಆನೆಗೆ ಇಬ್ಬರ ಕಾವಲು: ಎಫ್7ರಲ್ಲಿ ಇನ್ನೊಂದು ಆನೆ, ಎಚ್6ರಲ್ಲಿ ಒಂಟೆ (ಬಿಷಪ್). ಕ್ಯಾಸ್ಪರೊವ್ ಎಫ್7ರ ಆನೆಯನ್ನು ಜಿ7ಕ್ಕೆ ಸರಿಸಿದರು. ಒಂದೇ ನಡೆಯಲ್ಲಿ ಎರಡೂ ಕಾವಲು ಹೋಯಿತು. ಆನೆ ಸಾಲು ಬಿಟ್ಟಿತು, ಮೇಲಾಗಿ ಜಿ7ರಲ್ಲಿ ನಿಂತು ಒಂಟೆಯ ದಾರಿಗೂ ಅಡ್ಡ ಬಂತು. ಫ್ರಿಟ್ಜ್ ತನ್ನ ಆನೆಯಿಂದ ಇ5ರ ಪಾನ್ ಹೊಡೆಯಿತು. ಡಿ6ರ ಪಾನ್ ಆ ಆನೆಯನ್ನು ಹೊಡೆದರೆ ಓರೆ ಸಾಲು ತೆರೆದು ಎಫ್8ರ ಆನೆ ಹೋಗುತ್ತದೆ. ಹಾಗೇ ಆಯಿತು. 39ನೇ ನಡೆಗೆ ಆಟ ಮುಗಿಯಿತು.

ಈ ತಪ್ಪನ್ನು ಸುಮ್ನೆ ಕಣ್ತಪ್ಪು ಅಂತ ತಳ್ಳಿಹಾಕೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ನಡುಭಾಗ ಮುಚ್ಚಿದ್ದರೂ ಪಕ್ಕದಲ್ಲಿ ಸಾಲುಗಳು ತೆರೆದಿದ್ದ ಬೋರ್ಡು ಅದು. ಅಂಥ ಕಡೆ ಮನುಷ್ಯ ಪ್ರತಿ ನಡೆಗೂ ಪೂರ್ತಿ ಎಚ್ಚರ ಇರಬೇಕು. ಯಂತ್ರಕ್ಕೆ ಎಚ್ಚರ ಅನ್ನೋ ಪ್ರಶ್ನೆಯೇ ಇಲ್ಲ, ಅದು ಎಲ್ಲವನ್ನೂ ನೋಡುತ್ತಲೇ ಇರುತ್ತದೆ. ಅರ್ಧ ಮುಚ್ಚಿದ ಬೋರ್ಡು ಪೂರ್ತಿ ತೆರೆದ ಬೋರ್ಡಿಗಿಂತ ಅಪಾಯ. ಯಾಕಂದರೆ ಅಲ್ಲಿ ನಮಗೆ ಸುರಕ್ಷಿತವಾಗಿದ್ದೇವೆ ಅನ್ನೋ ಭ್ರಮೆ ಬರುತ್ತದೆ.

ಮೂರನೇ ಆಟ

ಎರಡು ದಿನ ಬಿಟ್ಟು ಕ್ಯಾಸ್ಪರೊವ್ ಮತ್ತೆ ಬಿಳಿ ಹಿಡಿದು ಕೂತರು. ಮೊದಲ ನಾಲ್ಕು ನಡೆ ಮೊದಲ ಆಟದ್ದೇ. ಐದನೇ ನಡೆಯಲ್ಲಿ ಫ್ರಿಟ್ಜ್ ದಾರಿ ಬದಲಿಸಿ ಎ ಪಾನ್ ಅನ್ನು ಎ6ಕ್ಕೆ ಒಂದು ಹೆಜ್ಜೆ ಇಟ್ಟಿತು. ಅದರಿಂದ ಬಿ6 ಮನೆ ಪಾನ್‌ಗಳ ಕಾವಲು ಕಳೆದುಕೊಂಡಿತು. ಕ್ಯಾಸ್ಪರೊವ್ ತಕ್ಷಣ ಸಿ ಪಾನ್ ಅನ್ನು ಸಿ5ಕ್ಕೆ ತಳ್ಳಿದರು. ಆಮೇಲೆ ಬಿ4, ಬಿ5, ಹನ್ನೆರಡನೇ ನಡೆಗೆ ಬಿ6. ಈ ನಡುವೆ ಫ್ರಿಟ್ಜ್ ತಾನೇ ಇ ಪಾನ್ ಅನ್ನು ಇ5, ಅಲ್ಲಿಂದ ಇ4 ಅಂತ ತಂದು ನಿಲ್ಲಿಸಿತ್ತು.

ಈಗ ಬೋರ್ಡು ನೋಡಿ. ಬಿಳಿ ಪಾನ್‌ಗಳು ಬಿ6, ಸಿ5, ಡಿ4, ಇ3. ಕಪ್ಪು ಪಾನ್‌ಗಳು ಬಿ7, ಸಿ6, ಡಿ5, ಇ4. ನಾಲ್ಕು ಸಾಲಿನಲ್ಲೂ ಮೂತಿಗೆ ಮೂತಿ. ಒಂದೂ ಮುಂದೆ ಹೋಗುವಂತಿಲ್ಲ, ಒಂದನ್ನೊಂದು ಹೊಡೆಯುವಂತಿಲ್ಲ. ಇದು ನಿಜವಾಗಿ ಮುಚ್ಚಿದ ಬೋರ್ಡು.

ಇಂಥ ಕಡೆ ಎರಡೂ ಪಕ್ಷಕ್ಕೆ ಒಂದೊಂದೇ ದಾರಿ ಉಳಿಯುತ್ತದೆ. ಬಿಳಿಯ ದಾರಿ ಎ ಸಾಲು: ಎ6ರಿಂದ ಈಗ ಎ5ಕ್ಕೆ ಬಂದಿರುವ ಕಪ್ಪು ಪಾನ್ ಹೊಡೆದು, ತನ್ನ ಎ ಪಾನ್ ಅನ್ನು ಎ6ರವರೆಗೆ ನಡೆಸಿ, ಬಿ7ರ ಗೋಡೆಯನ್ನು ಪಕ್ಕದಿಂದ ಒಡೆಯೋದು. ಕಪ್ಪಿನ ದಾರಿ ಎಫ್ ಸಾಲು: ಎಫ್7ರ ಪಾನ್ ಅನ್ನು ಎಫ್5, ಎಫ್4 ಅಂತ ತಂದು ಇ3ಕ್ಕೆ ಏಟು ಕೊಡೋದು. ಕೆಳಗಿನ ಇ3 ಅಲ್ಲಾಡಿದರೆ ಬಿಳಿಯ ಇಡೀ ಸಾಲು ಅಲ್ಲಾಡುತ್ತದೆ. ಕ್ಲಬ್ಬಿನಲ್ಲಿ ಒಂದೆರಡು ವರ್ಷ ಆಡಿದ ಹುಡುಗನಿಗೂ ಇದು ಹೊಳೆಯುತ್ತದೆ. ಎಫ್ ಪಾನ್ ತಳ್ಳು ಅಂತಾನೆ.

ಫ್ರಿಟ್ಜ್ ಏನು ಮಾಡಿತು? 14ನೇ ನಡೆಯಲ್ಲಿ ಒಂಟೆಯನ್ನು ಇ7ರಿಂದ ಡಿ6ಕ್ಕೆ ಇಟ್ಟಿತು. ಆಗ ಸಿ5ರ ಪಾನ್‌ನಿಂದ ಅದನ್ನು ಹೊಡೆದರೆ ಕಪ್ಪು ಕುದುರೆ ಬಿ6ರ ಪಾನ್ ಹೊಡೆದು ಬಿಳಿ ರಾಣಿಗೆ ಏಟು ಹಾಕುತ್ತದೆ, ಕಟ್ಟಿದ ಗೋಡೆ ಒಡೆಯುತ್ತದೆ. ಇದು ಯಂತ್ರದ ಚುರುಕಾದ ಸಣ್ಣ ಲೆಕ್ಕ. ಕ್ಯಾಸ್ಪರೊವ್ ಒಂಟೆಯನ್ನು ಮುಟ್ಟಲೇ ಇಲ್ಲ. ಆನೆಯನ್ನು ಬಿ1ಕ್ಕೆ ತಂದು ಬಿ6ಕ್ಕೆ ಬೆಂಬಲ ಕೊಟ್ಟರು. 15ನೇ ನಡೆಯಲ್ಲಿ ಒಂಟೆ ವಾಪಸ್ ಇ7ಕ್ಕೆ. ಹೋಗಿ ಬರೋದರಲ್ಲೇ ಎರಡು ನಡೆ ಕಳೆಯಿತು. ಮುಂದಿನ ನಡೆಯಲ್ಲೇ ಬಿಳಿ ಕುದುರೆ ಎ5ರ ಪಾನ್ ಹೊಡೆಯಿತು.

ನನಗೆ ಈ ಆಟದಲ್ಲಿ ಅತಿ ಮುಖ್ಯವಾಗಿ ಕಾಣೋದು 19ರಿಂದ 22ನೇ ನಡೆಗಳು. ಎಫ್ ಪಾನ್ ಮುಂದೆ ಹೋಗಬೇಕಾದರೆ ಎಫ್6ರಲ್ಲಿ ನಿಂತಿರುವ ಕುದುರೆ ಮೊದಲು ಜಾಗ ಬಿಡಬೇಕು. 19ನೇ ನಡೆಯಲ್ಲಿ ಅದು ಡಿ7ಕ್ಕೆ ಹೋಯಿತು, ದಾರಿ ತೆರೆಯಿತು. ನೋಡುತ್ತಿದ್ದವರಿಗೆ ಈಗ ಬಂತು ಅನ್ನಿಸಿರಬೇಕು. ಆದರೆ 20ನೇ ನಡೆಯಲ್ಲಿ ರಾಣಿ ಎಚ್6ಕ್ಕೆ, 21ರಲ್ಲಿ ಒಂಟೆ ಎಚ್4ಕ್ಕೆ. ಎರಡೂ ಬಿಳಿ ರಾಜನ ಕಡೆಗೆ ಗುರಿ. ಕ್ಯಾಸ್ಪರೊವ್ ರಾಣಿಯನ್ನು ಡಿ2ಕ್ಕೆ ತಂದು ಆ ಮನೆಗಳನ್ನು ಕಾದರು. 22ನೇ ನಡೆಯಲ್ಲಿ ಕುದುರೆ ಮತ್ತೆ ಎಫ್6ಕ್ಕೆ ಬಂದು ಕೂತಿತು! ತೆರೆದ ದಾರಿಯನ್ನು ಫ್ರಿಟ್ಜ್ ತಾನೇ ಮುಚ್ಚಿಕೊಂಡಿತು.

ಯಾಕೆ ಹೀಗೆ? ಆ ಕಾಲದ ಎಂಜಿನ್‌ಗಳ, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ, ಕೆಲಸ ಎರಡು ಭಾಗ. ಒಂದು, ಮುಂದಿನ ಇಷ್ಟು ನಡೆಗಳವರೆಗೆ ಎಲ್ಲ ದಾರಿಗಳನ್ನೂ ಹುಡುಕೋದು. ಎರಡು, ಆ ದಾರಿಗಳ ಕೊನೆಯಲ್ಲಿ ಬರುವ ಬೋರ್ಡಿಗೆ ಮನುಷ್ಯರು ಬರೆದುಕೊಟ್ಟ ನಿಯಮಗಳ ಪ್ರಕಾರ ಅಂಕ ಹಾಕೋದು. ಆ ನಿಯಮಗಳಲ್ಲಿ ರಾಜನ ಸುರಕ್ಷತೆಗೆ ದೊಡ್ಡ ಸ್ಥಾನ ಇತ್ತು. ಕ್ಯಾಸ್ಲಿಂಗ್ ಮಾಡಿದ (ಆನೆಯ ಜೊತೆ ಒಂದೇ ನಡೆಯಲ್ಲಿ ಪಕ್ಕಕ್ಕೆ ಸರಿದ) ರಾಜನ ಮುಂದಿನ ಪಾನ್‌ಗಳು ಜಾಗದಲ್ಲೇ ಇದ್ದರೆ ಒಳ್ಳೆಯದು, ಕದಲಿದರೆ ಅಂಕ ಕಡಿಮೆ. ಸಾಮಾನ್ಯ ಬೋರ್ಡಿನಲ್ಲಿ ಅದು ಸರಿಯಾದ ಬುದ್ಧಿಯೇ. ಇಲ್ಲಿ ಎಫ್ ಪಾನ್ ತಳ್ಳೋದರ ನಷ್ಟ ತಕ್ಷಣ ಕಾಣುತ್ತದೆ, ಲಾಭ ಹತ್ತಾರು ನಡೆ ಆಚೆ ಇದೆ. ಬಿಳಿಯ ಎ ಪಾನ್ ಎ6 ತಲುಪಿದ ಮೇಲೆ ಬರುವ ಕಷ್ಟವೂ ಅಷ್ಟೇ ದೂರ. ನೋಟ ಮುಟ್ಟದ ಜಾಗದಲ್ಲಿ ಅಪಾಯ ಇದ್ದರೆ ಯಂತ್ರದ ಪಾಲಿಗೆ ಅಪಾಯವೇ ಇಲ್ಲ. ಏನೂ ಕೆಡುವುದಿಲ್ಲ ಅಂತ ಕಂಡಾಗ ಅದು ಕಾಯಿಗಳನ್ನು ಅಲ್ಲಿಂದಿಲ್ಲಿಗೆ ಓಡಾಡಿಸುತ್ತದೆ.

ಮುಂದಿನ ಇಪ್ಪತ್ತು ನಡೆ ಅದೇ ಓಡಾಟ. ಕಪ್ಪು ರಾಜ ಎಚ್8ಕ್ಕೆ ಹೋದ, ಜಿ8ಕ್ಕೆ ಬಂದ, ಕೊನೆಗೆ ಮತ್ತೆ ಎಚ್8. ಕುದುರೆ ಎಫ್6ರಿಂದ ಇ8ಕ್ಕೆ ಹೋಗಿ ಪುನಃ ಎಫ್6. 17ನೇ ನಡೆಯಲ್ಲಿ ಡಿ7ರಲ್ಲಿದ್ದ ರಾಣಿ ಇ6, ಎಚ್6, ಜಿ6, ಇ6 ಸುತ್ತಿ 43ನೇ ನಡೆಯಲ್ಲಿ ಡಿ7ಕ್ಕೇ ವಾಪಸ್.

ಈ ಕಡೆ ಬಿಳಿಯ ಪ್ರತಿ ನಡೆಗೂ ಕೆಲಸ ಇತ್ತು. ಮೊದಲು ರಾಜ. ಕಪ್ಪಿನ ರಾಣಿ, ಒಂಟೆ ತನ್ನ ಕಡೆ ನೆಟ್ಟಿರುವಾಗ ಕ್ಯಾಸ್ಪರೊವ್ ಕ್ಯಾಸ್ಲಿಂಗ್ ಮಾಡಲಿಲ್ಲ. ರಾಜನನ್ನು ಕಾಲ್ನಡಿಗೆಯಲ್ಲಿ ಆ ಕಡೆ ಸಾಗಿಸಿದರು: ಡಿ1, ಸಿ1, ಬಿ2, ಆಮೇಲೆ ಎ1. ತೆರೆದ ಬೋರ್ಡಿನಲ್ಲಿ ಹೀಗೆ ರಾಜನನ್ನು ನಡೆಸಿದರೆ ಹತ್ತು ನಡೆಯೊಳಗೆ ಮೇಟ್. ಇಲ್ಲಿ ಗೋಡೆಯ ಹಿಂದೆ ಆರಾಮಾಗಿ ಹೋದ. ಕಪ್ಪು ಕಾಯಿಗಳು ಯಾರ ಮೇಲೆ ಗುರಿ ಇಟ್ಟಿದ್ದವೋ ಅವನು ಅಲ್ಲಿ ಇರಲೇ ಇಲ್ಲ. ನಂತರ ಎ ಪಾನ್: 27ನೇ ನಡೆಗೆ ಎ4, 28ಕ್ಕೆ ಎ5, 29ಕ್ಕೆ ಎ6. ಕಪ್ಪು ಅದನ್ನು ಬಿ7ರ ಪಾನ್‌ನಿಂದ ಹೊಡೆಯಿತು. ಅಲ್ಲಿಗೆ ಬಿ6ರ ಬಿಳಿ ಪಾನ್ ಎದುರು ತಡೆಯುವ ಪಾನ್ ಇಲ್ಲದಂತಾಯಿತು. ಕುದುರೆಗಳು ಎ5 ಮತ್ತು ಬಿ4ಕ್ಕೆ, ಆನೆಗಳು ಬಿ ಮತ್ತು ಎ ಸಾಲಿಗೆ. ಜಿ2ಕ್ಕೆ ಹೋಗಿದ್ದ ಒಂಟೆ 39ನೇ ನಡೆಯಲ್ಲಿ ಎಫ್1ಕ್ಕೆ ಹಿಂದೆ ಬಂತು. ನೋಡೋಕೆ ಇದೂ ಸುಮ್ನೆ ಓಡಾಟ ಅನ್ನಿಸಬಹುದು. ಅಲ್ಲ. ಎಫ್1ರಿಂದ ಎ6ಕ್ಕೆ ಓರೆ ಸಾಲು ಪೂರ್ತಿ ಖಾಲಿ, ಆ ಕಪ್ಪು ಪಾನ್ ಮೇಲೆ ಇನ್ನೊಂದು ಏಟು ಸೇರಿತು.

43ನೇ ನಡೆಯಲ್ಲಿ ಬಿಳಿ ಕುದುರೆ ಎ6ರ ಪಾನ್ ತಿಂದಿತು. 45ನೇ ನಡೆ, ಆನೆ ಬಿ3ಕ್ಕೆ. ಯಂತ್ರದ ಪರವಾಗಿ ಕೂತಿದ್ದ ತಂಡ ಆಟ ಬಿಟ್ಟುಕೊಟ್ಟಿತು.

ಆಗ ಕಪ್ಪು ಹಿಂದಿದ್ದದ್ದು ಬರೀ ಒಂದು ಪಾನ್. ಆದರೆ ಮಾಡೋಕೆ ಏನೂ ಇರಲಿಲ್ಲ. ಬಿ7ರ ಆನೆ ಬಿ6ರ ಪಾನ್ ತಡೆಯಲು ಕಟ್ಟಿಬಿದ್ದಿತ್ತು, ಬಿಳಿ ಕುದುರೆ ಸಿ7ಕ್ಕೆ ನುಗ್ಗಲು ಸಿದ್ಧವಾಗಿತ್ತು. ಅತ್ತ ಎಫ್7, ಜಿ7, ಎಚ್7ರ ಮೂರು ಪಾನ್‌ಗಳು ಆಟ ಶುರುವಾದಾಗ ಎಲ್ಲಿದ್ದವೋ ಅಲ್ಲೇ ಇದ್ದವು.

ನಾಲ್ಕನೇ ಆಟ 27 ನಡೆಗಳಲ್ಲಿ ಡ್ರಾ, ಪಂದ್ಯ 2-2. ಕ್ಯಾಸ್ಪರೊವ್‌ಗೆ ಸಿಕ್ಕಿದ್ದು 1,75,000 ಡಾಲರ್.

ಗೆಲುವಿನ ಬೇರು ಎಲ್ಲಿ

ಎರಡೂ ಆಟಗಳನ್ನು ಪಕ್ಕಪಕ್ಕ ಇಟ್ಟರೆ ಎಫ್ ಪಾನ್ ಕಥೆ ಹೇಳುತ್ತದೆ. ಎರಡನೇ ಆಟದಲ್ಲಿ ಮನುಷ್ಯ ಅದನ್ನು 14ನೇ ನಡೆಗೇ ತಳ್ಳಿದ, ಯಾಕಂದರೆ ಅವನಿಗೆ ದಾರಿ ಗೊತ್ತಿತ್ತು. ಆದರೂ ಸೋತ, ಯಾಕಂದರೆ ಆ ದಾರಿ ತೆರೆದ ಜಾಗಕ್ಕೆ ಒಯ್ಯಿತು. ತೆರೆದ ಜಾಗದಲ್ಲಿ ಯಂತ್ರವೇ ರಾಜ. ಮೂರನೇ ಆಟದಲ್ಲಿ ಯಂತ್ರ ಅದನ್ನು ತಳ್ಳಲೇ ಇಲ್ಲ, ಯಾಕಂದರೆ ಅದಕ್ಕೆ ದಾರಿ ಕಾಣಲಿಲ್ಲ. ಕ್ಯಾಸ್ಪರೊವ್ ಈ ಸಲ ಆರಿಸಿಕೊಂಡದ್ದು ಎ ಸಾಲು. ತನ್ನ ರಾಜ ಗೋಡೆಯ ಹಿಂದೆ, ಎದುರಾಳಿಯ ಕಾಯಿಗಳು ದೂರ, ಒಡೆಯುವ ಜಾಗದಲ್ಲಿ ತನ್ನ ಕಾಯಿಗಳೇ ಜಾಸ್ತಿ. ಎಲ್ಲವೂ ಸೇರಿದ ಮೇಲೆ ಗೋಡೆ ಒಡೆದರು. ತೆರೆದ ಕ್ಷಣದಲ್ಲಿ ಲೆಕ್ಕ ಬೇಕಾಗಲಿಲ್ಲ, ಯಾಕಂದರೆ ಲೆಕ್ಕ ಆಗಲೇ ಮುಗಿದಿತ್ತು.

ಇದಕ್ಕೆ ಬೇಕಾದ ತಾಳ್ಮೆಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಇಡೀ ಜೀವನ ದಾಳಿಯ ಆಟಕ್ಕೇ ಹೆಸರಾದವರು ಕ್ಯಾಸ್ಪರೊವ್. ಅಂಥವರು ಮೂವತ್ತಕ್ಕೂ ಜಾಸ್ತಿ ನಡೆ ಒಂದೂ ಥಳುಕಿನ ಏಟಿಲ್ಲದೆ ಆಡಿದರು. ಅವರ ಹೆಸರಾಂತ ದಾಳಿಗಳಿಗಿಂತ ನನಗೆ ಈ ಆಟ ದೊಡ್ಡದು.

ಇದೇ ಬಾಗಿಲಿನಿಂದ ಇನ್ನೂ ಕೆಲವರು ಒಳಗೆ ಹೋದರು. 2008ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾ ಆನ್‌ಲೈನ್ ಬ್ಲಿಟ್ಜ್ (ಕೆಲವೇ ನಿಮಿಷಗಳ) ಆಟವೊಂದರಲ್ಲಿ ರಿಬ್ಕಾ ಎಂಜಿನ್‌ಗೆ ಹೀಗೇ ಮುಚ್ಚಿದ ಬೋರ್ಡು ಕೊಟ್ಟರು. ಪಾನ್ ನಡೆಯದೆ, ಕಾಯಿ ಹೊಡೆಯದೆ ಐವತ್ತು ನಡೆ ಕಳೆದರೆ ಡ್ರಾ ಅನ್ನೋದು ನಿಯಮ. ತಾನೇ ಮುಂದಿದ್ದೇನೆ ಅಂದುಕೊಂಡ ಯಂತ್ರ ಆ ಡ್ರಾ ತಪ್ಪಿಸಲು ತಾನೇ ಗೋಡೆ ಒಡೆಯಿತು, 271ನೇ ನಡೆಗೆ ಸೋತಿತು. ಬಹ್ರೇನಿನಲ್ಲಿ ಕ್ರಾಮ್ನಿಕ್ ಹಿಡಿದದ್ದು ಬೇರೆ ದಾರಿ. ರಾಣಿಗಳನ್ನು ಬೇಗ ಬೋರ್ಡಿನಿಂದ ಇಳಿಸಿ ಆಟವನ್ನು ನಿಧಾನ ಮಾಡೋದು. ಎರಡನೇ, ಮೂರನೇ ಆಟ ಗೆದ್ದರು. ಐದು, ಆರನೇ ಆಟ ಕೈಬಿಟ್ಟರು. ಪಂದ್ಯಕ್ಕೆ ಮೊದಲೇ ಎಂಜಿನ್‌ನ ಪ್ರತಿ ಅಭ್ಯಾಸಕ್ಕೆ ಸಿಕ್ಕಿತ್ತು, ತಯಾರಿ ಚೆನ್ನಾಗಿತ್ತು. ಆದರೂ ಎಂಟು ಆಟದುದ್ದಕ್ಕೂ ಒಂದೂ ತಪ್ಪಿಲ್ಲದೆ ಇರೋದು ಮನುಷ್ಯನಿಂದ ಆಗಲಿಲ್ಲ. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅದೇ ಕ್ರಾಮ್ನಿಕ್, ವಿಶ್ವ ಚಾಂಪಿಯನ್ ಆಗಿದ್ದಾಗಲೇ, ಎರಡನೇ ಆಟದಲ್ಲಿ ಒಂದೇ ನಡೆಯ ಮೇಟ್ ನೋಡದೆ ಹೋದರು. ಪಂದ್ಯ 4-2ರಿಂದ ಯಂತ್ರಕ್ಕೆ.

ಇವತ್ತು ಅದೇ ಬಾಗಿಲು ತೆರೆಯುತ್ತದಾ?

ಇಲ್ಲ. ಸಮ ಕಾಯಿಗಳಲ್ಲಂತೂ ಇಲ್ಲ. 2017ರ ಕೊನೆಯಲ್ಲಿ ಆಲ್ಫಾಜೀರೋ ಎಂಬ ಪ್ರೋಗ್ರಾಂ ಬಂದ ಮೇಲೆ ಎಂಜಿನ್‌ಗಳು ಅಂಕ ಹಾಕುವ ರೀತಿಯೇ ಬದಲಾಯಿತು. ಮನುಷ್ಯರು ಬರೆದ ನಿಯಮಗಳ ಬದಲು, ಲಕ್ಷಾಂತರ ಆಟಗಳಿಂದ ಯಂತ್ರ ತಾನೇ ಕಲಿತ ತೂಕಗಳು. 2020ರಲ್ಲಿ ಸ್ಟಾಕ್‌ಫಿಶ್ ಎಂಜಿನ್ ಕೂಡ ಹೀಗೆ ಕಲಿತ ತೂಕಗಳ ಜಾಲವನ್ನು (ನ್ಯೂರಲ್ ನೆಟ್‌ವರ್ಕ್) ಒಳಗೆ ಸೇರಿಸಿಕೊಂಡಿತು. ರಾಜನ ಮುಂದಿನ ಪಾನ್ ಯಾವಾಗ ತಳ್ಳಬೇಕು ಅನ್ನೋ ತಿಳಿವಳಿಕೆ ಈಗ ಅವುಗಳಿಗೆ ನಮಗಿಂತ ಜಾಸ್ತಿ. ಜೊತೆಗೆ ಬೋರ್ಡು ಮುಚ್ಚಲು ಅವು ಅಷ್ಟು ಸುಲಭವಾಗಿ ಬಿಡೋದೂ ಇಲ್ಲ. ಬೋರ್ಡು ಮುಚ್ಚೋಕೆ ಇಬ್ಬರೂ ಒಪ್ಪಬೇಕು ಅಲ್ವಾ? 2003ರಲ್ಲಿ ಫ್ರಿಟ್ಜ್ ಇ4 ಆಡಿ ತಾನೇ ಒಪ್ಪಿಕೊಂಡಿತ್ತು.

ಆದ್ದರಿಂದ ಈಗಿನ ನ್ಯಾಯವಾದ ಸ್ಪರ್ಧೆ ಅಂದರೆ ಯಂತ್ರ ಏನಾದರೂ ಬಿಟ್ಟುಕೊಟ್ಟು ಆಡೋದು. 2016ರ ಜನವರಿಯಲ್ಲಿ ಕೊಮೊಡೊ ಎಂಜಿನ್ ನಕಮುರಾ ಅವರಿಗೆ ಪ್ರತಿ ಆಟದಲ್ಲೂ ಒಂದೊಂದು ಬಗೆಯ ರಿಯಾಯಿತಿ ಕೊಟ್ಟಿತು. ಆದರೂ 2.5-1.5ರಿಂದ ಗೆದ್ದಿತು. ಈಚೆಗೆ ಲೀಲಾ ಎಂಜಿನ್‌ಗೆ ಒಂದು ಕುದುರೆ ಇಲ್ಲದೆ ಆಡುವುದನ್ನೇ ಪ್ರತ್ಯೇಕವಾಗಿ ಕಲಿಸಿದ್ದಾರೆ. ಬ್ಲಿಟ್ಜ್ ಆಟದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೇ ಅದರೆದುರು ಒದ್ದಾಡುತ್ತಾರೆ. ಕುದುರೆ ಜಾಸ್ತಿ ಇದ್ದಾಗ ಮನುಷ್ಯನಿಗೆ ಸರಿಯಾದ ದಾರಿ ಕಾಯಿಗೆ ಕಾಯಿ ಕೊಟ್ಟು ಬೋರ್ಡು ಖಾಲಿ ಮಾಡೋದು. ಲೀಲಾ ಅದಕ್ಕೇ ಬಿಡುವುದಿಲ್ಲ, ಕಾಯಿಗಳನ್ನು ಬೋರ್ಡಿನಲ್ಲೇ ಇಟ್ಟುಕೊಂಡು ನಾವು ತಪ್ಪುವವರೆಗೂ ತೊಡಕು ಹೆಚ್ಚಿಸುತ್ತದೆ.

ಕಲಿಯುವವರಿಗೆ ನಾನು ಹೇಳೋದು ಇಷ್ಟು. ಮೂರನೇ ಆಟದ 12ನೇ ನಡೆಯ ಬೋರ್ಡನ್ನು ಜೋಡಿಸಿ. ಒಬ್ಬರು ಕಪ್ಪು ಹಿಡಿದು ಎಫ್ ಪಾನ್ ತಳ್ಳಲು ಎಷ್ಟು ಬೇಗ ಸಾಧ್ಯ ನೋಡಲಿ, ಇನ್ನೊಬ್ಬರು ಬಿಳಿ ಹಿಡಿದು ಎ ಪಾನ್ ನಡೆಸಲಿ. ಮೊದಲು ಮನುಷ್ಯ ಮನುಷ್ಯ ಆಡಿ. ಆಮೇಲೆ ಅದೇ ಬೋರ್ಡಿನಲ್ಲಿ ಮೊಬೈಲಿನ ಎಂಜಿನ್‌ಗೆ ಕಪ್ಪು ಕೊಟ್ಟು, ಅದು ಕುದುರೆಯನ್ನು ಎಫ್6ರಿಂದ ಯಾವಾಗ ತೆಗೆಯುತ್ತದೆ, ತೆಗೆದ ಮೇಲೆ ಮುಂದಿನ ನಡೆ ಏನು ಅಂತ ಗಮನಿಸಿ.